ಹಳೇ ಪೇಟೆಯನ್ನು ಯಾವ ಹೊತ್ತಿನಲ್ಲಿ ನೋಡಬೇಕು?

ಹೋದ ಸಂಚಿಕೆಯಲ್ಲಿ ಬೆಂಗಳೂರಿನ ಹಳೇ ಪೇಟೆ ಬೀದಿಗಳ ಬಗ್ಗೆ ಎರಡು ಮಾತು ಬರೆದಿದ್ದೆ. ನಾವೂ ನೋಡಬೇಕು, ಹೇಗೆ ಹೋಗೋದು, ಯಾವಾಗ ಹೋಗೋದು ಅಂತ ಪತ್ರಗಳು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಈ ಸಲದ ಪುಟವನ್ನು ಪೂರ್ತಿ ಪೇಟೆಗೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯವನು, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಮೂರು ವರ್ಷ ಆಯ್ತು, ಬೆಂಗಳೂರು ಅಂದ್ರೆ ನನಗೆ ಆಫೀಸು, ಪಿಜಿ, ಮಾಲ್ ಅಷ್ಟೇ. ಒಂದು ಭಾನುವಾರ ಪೂರ್ತಿ ಬಿಡುವು ಮಾಡಿಕೊಂಡು ಹಳೇ ಬೆಂಗಳೂರು ನೋಡಬೇಕು. ಏನೇನು ನೋಡಲಿ, ಒಂದು ಪಟ್ಟಿ ಕೊಡ್ತೀರಾ?
— ಒಬ್ಬ ಓದುಗ, ವೈಟ್‌ಫೀಲ್ಡ್

ಪಟ್ಟಿ ಬೇಡ. ಪಟ್ಟಿ ಹಿಡಿದು ಹೋದರೆ ಇಡೀ ದಿನ ಮೊಬೈಲ್ ನೋಡಿಕೊಂಡು ಓಡಾಡುತ್ತೀರಿ. ಅದರ ಬದಲು ಒಂದೇ ಒಂದು ಜಾಗ ಹೇಳುತ್ತೇನೆ. ಆ ಜಾಗಕ್ಕೆ ಮೂರು ಸಲ ಹೋಗಿ. ಶನಿವಾರ ಮಧ್ಯಾಹ್ನ ಒಂದು ಸಲ, ಅದೇ ದಿನ ರಾತ್ರಿ ಒಂಬತ್ತೂವರೆಗೆ ಒಂದು ಸಲ, ಭಾನುವಾರ ಬೆಳಿಗ್ಗೆ ಆರಕ್ಕೆ ಇನ್ನೊಂದು ಸಲ.

ವೈಟ್‌ಫೀಲ್ಡ್‌ನಿಂದ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯಿರಿ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಮೇಲೆ ಬಂದು ಯಾರನ್ನಾದರೂ ಅವೆನ್ಯೂ ರಸ್ತೆ ಎಲ್ಲಿ ಅಂತ ಕೇಳಿ. ಚಿಕ್ಕಪೇಟೆ ಬೀದಿ ಬಂದು ಅವೆನ್ಯೂ ರಸ್ತೆಯನ್ನು ಸೇರುವ ಜಾಗ ಇದೆಯಲ್ಲ, ಅದೇ ನಾನು ಹೇಳುವ ಜಾಗ. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಲು ಹೊರಟಾಗ ಈ ಚೌಕದಲ್ಲೇ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಕಟ್ಟಿ ನಾಲ್ಕು ದಿಕ್ಕಿಗೆ ಹೊಡೆಸಿದರು, ಎತ್ತು ನಿಂತ ಕಡೆಗೆ ಊರಿನ ಎಲ್ಲೆ ಅಂತ ಗೊತ್ತು ಮಾಡಿದರು ಅನ್ನೋದು ನಮ್ಮ ಕಡೆ ತಲೆಮಾರಿನಿಂದ ಹೇಳಿಕೊಂಡು ಬಂದ ಕತೆ. ಒಂದು ಸಾಲು ಹಲಸೂರಿನ ಕಡೆಗೆ, ಒಂದು ಯಲಹಂಕದ ಕಡೆಗೆ, ಇನ್ನೆರಡು ಆನೇಕಲ್ ಮತ್ತು ಸೊಂಡೆಕೊಪ್ಪದ ಕಡೆಗೆ. ಆ ಎಲ್ಲೆಯ ಮಣ್ಣಿನ ಕೋಟೆಗೆ ಬಾಗಿಲುಗಳಿದ್ದವು. ಬಾಗಿಲು ಹೋಗಿ ಎಷ್ಟೋ ಕಾಲ ಆಯ್ತು, ಹೆಸರು ಮಾತ್ರ ಹೋಗಿಲ್ಲ. ಹಲಸೂರು ಗೇಟ್ ಪೊಲೀಸ್ ಠಾಣೆ ಅಂತ ಇವತ್ತಿಗೂ ಬೋರ್ಡ್ ಇದೆ. ಆದರೆ ಠಾಣೆ ಇರೋದು ಹಲಸೂರಿನಲ್ಲಲ್ಲ, ಹಳೇ ಊರಿನ ಅಂಚಿನಲ್ಲಿ, ಕಾರ್ಪೊರೇಷನ್ ಹತ್ತಿರ.

ಮಧ್ಯಾಹ್ನ ಹೋದರೆ ಆ ಚೌಕದಲ್ಲಿ ನಿಲ್ಲೋದಕ್ಕೂ ಜಾಗ ಇರೋದಿಲ್ಲ. ಸೀರೆ ಅಂಗಡಿಯ ಹುಡುಗರು ಬನ್ನಿ ಮೇಡಂ, ಬನ್ನಿ ಸಾರ್ ಅಂತ ಕರೆಯುತ್ತಾರೆ. ಮದುವೆ ಬಟ್ಟೆಗೆ ಬಂದ ಇಡೀ ಮನೆಯವರು ಬ್ಯಾಗು ಹಿಡಿದು ರಸ್ತೆ ಮಧ್ಯೆ ನಿಂತು ಲೆಕ್ಕ ಹಾಕುತ್ತಿರುತ್ತಾರೆ. ಬೇಸರ ಮಾಡಿಕೊಳ್ಳದೆ ಪಕ್ಕದ ಓಣಿಗಳಿಗೆ ಇಳಿಯಿರಿ. ಬೀದಿಯ ಹೆಸರು ಓದುತ್ತಾ ಹೋದರೆ ಊರಿನ ಕಸುಬುಗಳ ದಾಖಲೆಯನ್ನೇ ಓದಿದ ಹಾಗೆ. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಅಕ್ಕಿಪೇಟೆ, ಬಳೆಪೇಟೆ, ತಿಗಳರಪೇಟೆ, ವ್ಯಾಪಾರಸ್ಥ ನಗರ್ತರ ಹೆಸರಿನ ನಗರ್ತಪೇಟೆ. ಕಾಟನ್‌ಪೇಟೆಯನ್ನು ಹಳಬರು ಈಗಲೂ ಅರಳೇಪೇಟೆ ಅಂತಲೇ ಕರೆಯುತ್ತಾರೆ. ಕಸುಬು ಕೆಲವು ಕಡೆ ಬದಲಾಗಿದೆ. ಅಕ್ಕಿಪೇಟೆಯಲ್ಲಿ ಈಗ ಅಕ್ಕಿಗಿಂತ ಔಷಧದ ಸಗಟು ಅಂಗಡಿಗಳೇ ಜಾಸ್ತಿ. ಬಳೆಪೇಟೆಯಲ್ಲಿ ಬಳೆಯ ಜೊತೆಗೆ ವೀಣೆ, ತಬಲ, ಹಾರ್ಮೋನಿಯಂ ಮಾರುವವರೂ ಸಿಗುತ್ತಾರೆ.

ಕಬ್ಬನ್‌ಪೇಟೆಯ ಮಾತು ಬೇರೆ. ಹೆಸರು ಬಂದಿದ್ದು ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನಿಂದ, ಆದರೆ ಬೀದಿ ನೇಕಾರರದ್ದು. ನಮ್ಮಜ್ಜಿ ಮನೆ ಅಲ್ಲಿತ್ತು. ಗೋಡೆಯ ಆಚೆ ಕಡೆ ಮಗ್ಗ. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ ನನಗೆ ಆ ಸದ್ದಿಗೆ ನಿದ್ದೆ ಬರುತ್ತಿರಲಿಲ್ಲ. ಅಜ್ಜಿಗೆ ಕರೆಂಟ್ ಹೋಗಿ ಸದ್ದು ನಿಂತರೆ ಎಚ್ಚರ ಆಗುತ್ತಿತ್ತು.

ಇನ್ನು ರಾತ್ರಿ. ಒಂಬತ್ತೂವರೆಗೆ ಅದೇ ಚೌಕಕ್ಕೆ ಬನ್ನಿ. ಶಟರ್‌ಗಳು ಇಳಿದಿರುತ್ತವೆ. ಶಟರ್ ಇಳಿದ ಮೇಲೆ ಮೊದಲು ಮಾಡಬೇಕಾದ ಕೆಲಸ ತಲೆ ಎತ್ತಿ ನೋಡೋದು. ಹಗಲು ಬೋರ್ಡು, ತೂಗು ಹಾಕಿದ ಬಟ್ಟೆ, ಜನ ಇವೆಲ್ಲ ಕಣ್ಣಿಗೆ ಅಡ್ಡ ಬರುತ್ತವೆ. ರಾತ್ರಿ ಮೊದಲ ಮಹಡಿ ಕಾಣಿಸುತ್ತದೆ. ಮರದ ಕಂಬ, ಕಬ್ಬಿಣದ ಕಟಾಂಜನ, ಮಂಗಳೂರು ಹೆಂಚು, ಒಣಗಿಸಿದ ಬಟ್ಟೆ ತೆಗೆಯಲು ಬಂದ ಹೆಂಗಸು. ಈ ಅಂಗಡಿ ಮೇಲೆ ಮನೆ ಇದೆಯಾ ಅಂತ ನನಗೇ ಎಷ್ಟೋ ಸಲ ಆಶ್ಚರ್ಯ ಆಗಿದೆ. ಆಮೇಲೆ ಕೆಳಗೆ ನೋಡಿ. ಹಗಲು ಈ ಓಣಿಗಳಿಗೆ ದೊಡ್ಡ ಗಾಡಿ ನುಗ್ಗಲು ಆಗುವುದಿಲ್ಲ, ಹಾಗಾಗಿ ಸರಕು ಇಳಿಯೋದು, ಹತ್ತೋದು ಜಾಸ್ತಿ ನಡೆಯೋದೇ ಈಗ. ಹಮಾಲರು ಹೆಗಲ ಮೇಲೆ ಬೇಲು ಹೊತ್ತು ಸೈಡ್ ಸೈಡ್ ಅನ್ನುತ್ತಾ ಬರುತ್ತಾರೆ. ಅವರಿಗೆ ದಾರಿ ಬಿಡಿ. ಅದು ಅವರ ಕೆಲಸದ ಹೊತ್ತು. ನಾವು ನೋಡಲು ಬಂದವರು ಅಷ್ಟೇ.

ಭಾನುವಾರ ಬೆಳಿಗ್ಗೆ ಯಾಕೆ ಅಂದರೆ, ಅವತ್ತು ದೊಡ್ಡ ಅಂಗಡಿಗಳಿಗೆ ರಜ. ಮುಚ್ಚಿದ ಶಟರ್ ಮುಂದೆಯೇ ಇನ್ನೊಂದು ಸಂತೆ ಕೂರುತ್ತದೆ. ಹಳೇ ಗಡಿಯಾರ, ಸ್ಪ್ಯಾನರು, ಚಾರ್ಜರು, ಹಿತ್ತಾಳೆ ಲೋಟ, ಒಂದೇ ಕಾಲಿನ ಶೂ ಕೂಡ ಇರುತ್ತದೆ. ಮೂರು ಸಲ ನೋಡಿದ ಮೇಲೆ ಯಾವುದು ನಿಜವಾದ ಪೇಟೆ ಅಂತ ನಿಮಗೆ ಪ್ರಶ್ನೆ ಬರಬಹುದು. ನನ್ನ ಪ್ರಕಾರ ಮೂರೂ ನಿಜ. ಒಂದೇ ರಸ್ತೆ, ಹೊತ್ತಿಗೊಬ್ಬರು ಬಂದು ಬಳಸುತ್ತಾರೆ. ಒಂದೇ ಹೊತ್ತು ನೋಡಿ ಪೇಟೆ ನೋಡಿದೆ ಅಂದರೆ ಅದು ಕಾಲು ಭಾಗ ನೋಡಿದ ಹಾಗೆ.

ಪ್ರಶ್ನೆ: ಕೆ.ಆರ್. ಮಾರ್ಕೆಟ್ ಹೂವಿನ ಸಂತೆಯನ್ನು ನಸುಕಿನಲ್ಲಿ ನೋಡಬೇಕು ಅಂತ ತುಂಬಾ ದಿನದ ಆಸೆ. ಎಷ್ಟು ಹೊತ್ತಿಗೆ ಹೋಗಬೇಕು? ಹೆಂಗಸರು ಹೋಗಬಹುದಾ? ಫೋಟೊ ತೆಗೆದರೆ ಬೈತಾರಾ?
— ಒಬ್ಬ ಗೃಹಿಣಿ, ವಿಜಯನಗರ

ಖಂಡಿತ ಹೋಗಿ. ನಾಲ್ಕೂವರೆ, ಐದರ ಹೊತ್ತಿಗೆ ಅಲ್ಲಿದ್ದರೆ ಸಾಕು. ಹೂವು ಅದಕ್ಕಿಂತ ಮುಂಚೆಯೇ ಬಂದಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಹೊಸೂರು ಕಡೆಯ ಹೂವು ರಾತ್ರಿಯೇ ಹೊರಟು ಬರುತ್ತದೆ. ಹೂವು ಮಾರುವವರಲ್ಲಿ, ಕಟ್ಟುವವರಲ್ಲಿ, ಕೊಳ್ಳುವವರಲ್ಲಿ ಹೆಂಗಸರು ತುಂಬಾ ಜನ ಇರುತ್ತಾರೆ, ಹಾಗಾಗಿ ಒಳಗೆ ನಿಮಗೆ ಒಂಟಿ ಅನ್ನಿಸುವುದಿಲ್ಲ. ಮಾರ್ಕೆಟ್ ತಲುಪುವ ತನಕದ ದಾರಿಗೆ ಮಾತ್ರ ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು. ನೀವು ಹೊರಡುವ ಹೊತ್ತಿಗೆ ಮೆಟ್ರೊ ಶುರುವಾಗಿರುವುದಿಲ್ಲ, ಆಟೊಗೆ ಹಿಂದಿನ ದಿನವೇ ಹೇಳಿಡಿ. ಫ್ಲೈಓವರ್ ಕೆಳಗಿನ ಕತ್ತಲೆ ಜಾಗದಲ್ಲಿ ಇಳಿಯಬೇಡಿ, ಮಾರ್ಕೆಟ್ ಕಟ್ಟಡದ ಎದುರಿಗೇ ನಿಲ್ಲಿಸಿ ಅನ್ನಿ. ಹಳೇ ಚಪ್ಪಲಿ ಹಾಕಿಕೊಳ್ಳಿ. ಕೊಳೆತ ಹೂವು, ಸೊಪ್ಪು, ನೀರು ಸೇರಿ ನೆಲ ಜಾರುತ್ತದೆ. ಸೀರೆ ಉಟ್ಟರೆ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ.

ಕಟ್ಟಡದ ಒಳಗೆ ಹೋಗಿ ಮೆಟ್ಟಿಲು ಹತ್ತಿ ಮೊದಲ ಮಹಡಿಯಿಂದ ಕೆಳಗೆ ನೋಡಿ. ಚೆಂಡು ಹೂವಿನ ಕಿತ್ತಳೆ ಗುಡ್ಡೆ, ಸೇವಂತಿಗೆಯ ಹಳದಿ ಗುಡ್ಡೆ, ಮಧ್ಯೆ ತಲೆ ಮೇಲೆ ಮೂಟೆ ಹೊತ್ತವರು ಹೋಗುವಷ್ಟು ಸಣ್ಣ ದಾರಿ. ಫೋಟೊಗೆ ಅದೇ ಒಳ್ಳೆ ಜಾಗ, ಯಾರ ವ್ಯಾಪಾರಕ್ಕೂ ಅಡ್ಡ ಆಗುವುದಿಲ್ಲ. ಕೆಳಗೆ ಇಳಿದ ಮೇಲೆ ಮುಖದ ಹತ್ತಿರ ಕ್ಯಾಮೆರಾ ಹಿಡಿಯಬೇಡಿ. ಮೊದಲು ಎರಡು ಮಾರು ಹೂವು ತಗೊಳ್ಳಿ, ಮಾತಾಡಿಸಿ, ಆಮೇಲೆ ಒಂದು ಫೋಟೊ ತೆಗೀಲಾ ಅಕ್ಕಾ ಅಂತ ಕೇಳಿ. ಹೆಚ್ಚಿನವರು ಹೂಂ ಅಂತಾರೆ. ಬೇಡ ಅಂದರೆ ಬಿಟ್ಟುಬಿಡಿ.

ಒಂದು ವಿಷಯ ಹತ್ತಿರ ನಿಂತು ನೋಡಿ ಅಂತ ಹೇಳಬೇಕು ಅನ್ನಿಸುತ್ತಿದೆ, ಅದು ಹೂವು ಅಳೆಯುವ ಕೈ. ಬಿಡಿ ಹೂವಿಗೆ ತಕ್ಕಡಿ, ಕಟ್ಟಿದ ಹೂವಿಗೆ ಮಾತ್ರ ಕೈಯೇ ಅಳತೆ. ಮೊಳಕೈಯಿಂದ ಬೆರಳ ತುದಿವರೆಗೆ ಒಂದು ಮೊಳ, ಎರಡೂ ತೋಳು ಚಾಚಿದರೆ ಒಂದು ಮಾರು. ಕಳೆದ ಶ್ರಾವಣದಲ್ಲಿ ನಾನು ಕಾಕಡ ತಗೊಂಡ ಅಜ್ಜಿ ತುಂಬಾ ಗಿಡ್ಡ. ಅವರ ಮಾರು ಚಿಕ್ಕದಾಗುತ್ತೆ ಅಂತ ಗಿರಾಕಿಗಳು ಗೊಣಗಬಾರದು ಅಂತ ಪ್ರತಿ ಮಾರಿಗೂ ನಾಲ್ಕು ಬೆರಳು ಜಾಸ್ತಿ ಬಿಟ್ಟು ಉಗುರಿನಿಂದ ದಾರ ಕತ್ತರಿಸುತ್ತಿದ್ದರು. ಹಾಗೆ ಬಿಡುವಾಗ ಬಾಯಲ್ಲಿ ಏನೂ ಹೇಳಲಿಲ್ಲ. ಮೂರನೇ ಸಲ ಅಳೆದಾಗ ನಾನೇ ಗಮನಿಸಿದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ಮೊದಲ ಸಲ ಹೋಗಬೇಡಿ. ರೇಟು ಮೇಲೇರಿರುತ್ತದೆ, ಬಾಳೆಕಂದು, ಬೂದುಗುಂಬಳಕಾಯಿ ರಾಶಿಯಿಂದ ಕಾಲಿಡಲೂ ಜಾಗ ಇರುವುದಿಲ್ಲ. ಮಾಮೂಲಿ ಬುಧವಾರವೋ ಗುರುವಾರವೋ ಹೋಗಿ.

ಇನ್ನೊಂದು ಮಾತು. ಕತ್ತಲಲ್ಲಿ ಆ ದೀಪಗಳ ಕೆಳಗೆ ನಿಂತಾಗ ನೆನಪಿಟ್ಟುಕೊಳ್ಳಿ, ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಮೊದಲು ಬಂದಿದ್ದು ಇದೇ ಮಾರ್ಕೆಟ್ ಸುತ್ತಮುತ್ತ, 1905ರಲ್ಲಿ. ಆ ಕರೆಂಟು ಬಂದದ್ದು ಕಾವೇರಿಯ ಶಿವನಸಮುದ್ರದಿಂದ. ಅಲ್ಲಿ ತಯಾರಾದ ವಿದ್ಯುತ್ ಮೊದಲು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು, ಮೂರು ವರ್ಷದ ಮೇಲೆ ನಮ್ಮ ಪೇಟೆಗೆ ಬಂತು. ಮಾರ್ಕೆಟ್ ಕಟ್ಟಡ ಅದಕ್ಕಿಂತ ಈಚಿನದು, 1920ರ ದಶಕದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನದು. ಅದಕ್ಕೂ ಮುಂಚೆ ಆ ಜಾಗದಲ್ಲಿ ಸಿದ್ದಿಕಟ್ಟೆ ಅನ್ನೋ ಕೆರೆ ಇತ್ತು. ಅಲ್ಲಿ ಹುಟ್ಟಿ ಬೆಳೆದ ಮುದುಕರು ಸಿದ್ದಿಕಟ್ಟೆ ಅಂದರೆ ಈಗಲೂ ತಿರುಗಿ ನೋಡುತ್ತಾರೆ.

ಪ್ರಶ್ನೆ: ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ಬೆಂಗಳೂರು ಕೋಟೆಯ ಪಾಠ ಬಂದಿದೆ. ರಜದಲ್ಲಿ ಕರೆದುಕೊಂಡು ಬಂದರೆ ತೋರಿಸೋಕೆ ಏನಾದರೂ ಉಳಿದಿದೆಯಾ? ಹೋದ ಸಲ ಬಂದಾಗ ಬರೀ ಬಸ್ಸು, ಆಸ್ಪತ್ರೆ ಕಂಡಿತು.
— ಒಬ್ಬ ತಂದೆ, ಮೈಸೂರು

ಉಳಿದಿರೋದು ಸ್ವಲ್ಪ, ಆದರೆ ಆ ಸ್ವಲ್ಪದಲ್ಲಿ ಕತೆ ಜಾಸ್ತಿ ಇದೆ. ಮಾರ್ಕೆಟ್‌ನಿಂದ ಕೃಷ್ಣರಾಜೇಂದ್ರ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ದೆಹಲಿ ಬಾಗಿಲು ಸಿಗುತ್ತದೆ. ಮೊದಲು ಮಗಳಿಗೆ ಒಂದು ವಿಷಯ ಬಿಡಿಸಿ ಹೇಳಿ, ಇಲ್ಲಿ ಎರಡು ಕೋಟೆ ಇದ್ದವು. ಒಂದು ವ್ಯಾಪಾರದ ಪೇಟೆಯನ್ನು ಸುತ್ತಿದ ಮಣ್ಣಿನ ಗೋಡೆ, ಅದರ ಹೊರಗೆ ಕಂದಕ, ಕಂದಕದ ಸುತ್ತ ಮುಳ್ಳಿನ ಪೊದೆ. ಇನ್ನೊಂದು ಅದರ ದಕ್ಷಿಣಕ್ಕೆ ಇದ್ದ ಮೊಟ್ಟೆಯಾಕಾರದ ಕೋಟೆ, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ್ದು. ನೀವು ನೋಡುತ್ತಿರುವ ಬಾಗಿಲು ಈ ಎರಡನೆಯದರದ್ದು.

ಟಿಪ್ಪುವಿನ ಮೇಲೆ ಬ್ರಿಟಿಷರು ಮಾಡಿದ ಮೂರನೇ ಮೈಸೂರು ಯುದ್ಧದಲ್ಲಿ ಅವರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚ್ 7ಕ್ಕೆ ಪೇಟೆಯನ್ನು ಹಿಡಿಯಿತು. ಕೋಟೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಎರಡು ವಾರ ಫಿರಂಗಿ ಹೊಡೆದು ಗೋಡೆ ಒಡೆದು, ಮಾರ್ಚ್ 21ರ ರಾತ್ರಿ ಒಡೆದ ಜಾಗದಿಂದ ಒಳಗೆ ನುಗ್ಗಿದರು. ಕೋಟೆಯನ್ನು ಕಾಯುತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನ್ ಅಲ್ಲೇ ಹೋರಾಡಿ ಸತ್ತರು. ಇಲ್ಲಿಂದಲೇ ನುಗ್ಗಿದ್ದು ಅಂತ ತಾರೀಖು ಸಮೇತ ಕೆತ್ತಿದ ಫಲಕ ಉಳಿದ ಗೋಡೆಯಲ್ಲಿದೆ. ಅದು ಗೆದ್ದವರು ಹಾಕಿದ ಕಲ್ಲು, ಅದರಲ್ಲಿ ಕಿಲ್ಲೇದಾರರ ಹೆಸರಿಲ್ಲ. ಆ ಹೆಸರನ್ನು ನೀವು ಹೇಳಿ. ಮಕ್ಕಳಿಗೆ ಅದು ನೆನಪಿನಲ್ಲಿ ಉಳಿಯುತ್ತದೆ.

ಒಳಗಿನ ಗಣಪತಿ ಗುಡಿ ನೋಡಿಕೊಂಡು ಟಿಪ್ಪು ಬೇಸಿಗೆ ಅರಮನೆಗೆ ನಡೆದೇ ಹೋಗಿ. ಹೈದರಾಲಿ 1781ರಲ್ಲಿ ಶುರು ಮಾಡಿಸಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು. ತೇಗದ ಕಂಬ, ಮಾಸಿದ ಹೂಬಳ್ಳಿ ಚಿತ್ರ. ಸ್ವರ್ಗಕ್ಕೇ ಹೊಟ್ಟೆಕಿಚ್ಚು ಬರಿಸುವ ಮನೆ ಅಂತ ಅರ್ಥ ಬರುವ ಹೆಸರಿಟ್ಟಿದ್ದರು. ಮುಂದೆ ಬ್ರಿಟಿಷ್ ಕಮಿಷನರ್ ಕಾಲದಲ್ಲಿ ಇದೇ ಕಟ್ಟಡ ಸರ್ಕಾರಿ ಕಚೇರಿ ಆಯ್ತು, 1868ರಲ್ಲಿ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಕಟ್ಟುವ ತನಕ. ಪಕ್ಕದಲ್ಲೇ ಕೋಟೆ ವೆಂಕಟರಮಣ ಸ್ವಾಮಿ ಗುಡಿ ಇದೆ, ನಿಮ್ಮೂರಿನ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು. ಮೊಘಲರಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಪಡೆದವರೂ ಅವರೇ. ಗುಡಿಯೂ ಅರಮನೆಯೂ ಒಂದೇ ಕಾಂಪೌಂಡಿನ ಹಾಗೆ ಅಕ್ಕಪಕ್ಕ ಇವೆ. ಅರಮನೆಗೆ ಸಂಜೆ ಬೀಗ ಬೀಳುತ್ತದೆ, ಹಾಗಾಗಿ ಈ ಸುತ್ತು ಬೆಳಿಗ್ಗೆಯೇ ಇಟ್ಟುಕೊಳ್ಳಿ.

ಆಸ್ಪತ್ರೆ ಕಂಡಿತು ಅಂದಿರಲ್ಲ, ಅದೂ ನೋಡುವಂಥದ್ದೇ. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆದದ್ದು. ಹೊರಗಿನಿಂದ ನೋಡಿದರೆ ಸಾಕು, ಒಳಗೆ ರೋಗಿಗಳಿರುತ್ತಾರೆ.

ಪ್ರಶ್ನೆ: ಪೇಟೆ ಸುತ್ತಿ ಸುಸ್ತಾದ ಮೇಲೆ ಎಲ್ಲಿ ತಿನ್ನೋದು?
— ಇಬ್ಬರು ಗೆಳತಿಯರು, ತುಮಕೂರು

ಹಗಲಾದರೆ ಬಳೆಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ದೋಸೆ. ಆಲೂಗಡ್ಡೆ ಪಲ್ಯದ ಬದಲು ದೋಸೆಯ ಒಳಗೆ ತರಕಾರಿ ಸಾಗು ಹಾಕಿ ಮಡಚುತ್ತಾರೆ. ಬಿಸಿ ಇರುವಾಗಲೇ ತಿನ್ನಿ, ಆರಿದರೆ ದೋಸೆ ಮೆತ್ತಗಾಗುತ್ತದೆ. ರಾತ್ರಿಯಾದರೆ ಕೆ.ಆರ್. ಮಾರ್ಕೆಟ್‌ನಿಂದ ಮೆಟ್ರೊದಲ್ಲಿ ಒಂದು ನಿಲ್ದಾಣ ಮುಂದೆ ಹೋಗಿ ನ್ಯಾಷನಲ್ ಕಾಲೇಜ್ ಹತ್ತಿರ ಇಳಿದರೆ ವಿಶ್ವೇಶ್ವರಪುರದ ತಿಂಡಿ ಬೀದಿಗೆ ನಡೆದು ಹೋಗಬಹುದು. ಅದು ಪೇಟೆಯ ಭಾಗ ಅಲ್ಲ, ಆದರೆ ಪೇಟೆ ಮುಚ್ಚುವ ಹೊತ್ತಿಗೆ ಅದು ಕಳೆ ಕಟ್ಟುತ್ತದೆ. ಡಿಸೆಂಬರ್, ಜನವರಿಯಲ್ಲಿ ಬಂದರೆ ಸೊಗಡು ಅವರೆಕಾಯಿ ಕಾಲ. ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ, ಹಿತಕಿದ ಬೇಳೆ. ಇಬ್ಬರೂ ಒಂದೊಂದೇ ತಗೊಂಡು ಹಂಚಿಕೊಳ್ಳಿ, ಇಲ್ಲದಿದ್ದರೆ ಎರಡನೇ ಅಂಗಡಿಗೇ ಹೊಟ್ಟೆ ತುಂಬುತ್ತದೆ.

ಪ್ರಶ್ನೆ: ಮದುವೆಯಾಗಿ ಶಿವಮೊಗ್ಗದಿಂದ ಬೆಂಗಳೂರಿಗೆ ಬಂದೆ. ಕರಗ ನೋಡೋಣ ಅಂದರೆ ಮನೆಯವರು, ಅಷ್ಟು ಜನದಲ್ಲಿ ಏನೂ ಕಾಣಲ್ಲ, ಟಿವಿಯಲ್ಲೇ ನೋಡು ಅಂತಾರೆ. ನಿಜವಾ?
— ಒಬ್ಬ ಓದುಗಿ, ಬನಶಂಕರಿ

ಟಿವಿಯಲ್ಲಿ ಕರಗ ಚೆನ್ನಾಗಿ ಕಾಣುತ್ತದೆ, ಅದು ನಿಜ. ಆದರೆ ಟಿವಿಗೆ ಮಲ್ಲಿಗೆಯ ವಾಸನೆ ಇಲ್ಲ, ಕಾಯುವ ಸುಖವೂ ಇಲ್ಲ. ಒಂದು ವರ್ಷವಾದರೂ ಹೋಗಲೇಬೇಕು.

ಕರಗ ಚೈತ್ರ ಹುಣ್ಣಿಮೆಯ ರಾತ್ರಿ. ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ನಡುರಾತ್ರಿ ದಾಟಿದ ಮೇಲೆ ಹೂವಿನ ಕರಗ ಹೊರಡುತ್ತದೆ. ಇದನ್ನು ನಡೆಸಿಕೊಂಡು ಬಂದವರು ತಿಗಳ ಸಮುದಾಯದವರು, ವಹ್ನಿಕುಲ ಕ್ಷತ್ರಿಯರು. ಅವರ ಕತೆಯಲ್ಲಿ ದ್ರೌಪದಿಯೇ ಆದಿಶಕ್ತಿ. ಪಾಂಡವರು ಸ್ವರ್ಗಕ್ಕೆ ಹೊರಟ ದಾರಿಯಲ್ಲಿ ದ್ರೌಪದಿ ಹಿಂದೆ ಉಳಿಯುತ್ತಾಳೆ. ಆಗ ತಿಮಿರಾಸುರ ಮೇಲೆ ಬೀಳುತ್ತಾನೆ. ಅವನನ್ನು ಎದುರಿಸಲು ಅವಳು ವೀರಕುಮಾರರನ್ನು ಸೃಷ್ಟಿಸುತ್ತಾಳೆ. ಯುದ್ಧ ಮುಗಿದು ಹೊರಟು ನಿಂತಾಗ ಆ ಮಕ್ಕಳು ಹೋಗಬೇಡಮ್ಮ ಅಂತ ಅಳುತ್ತಾರೆ. ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಮಾತು ಕೊಟ್ಟು ಹೋಗುತ್ತಾಳೆ. ಆ ಮಾತು ಉಳಿಸಿಕೊಳ್ಳಲು ತಾಯಿ ಬರುವ ರಾತ್ರಿ ಇದು. ತಿಮಿರ ಅಂದರೆ ಕತ್ತಲೆ. ಹುಣ್ಣಿಮೆ ರಾತ್ರಿ ನಡೆಯುವ ಹಬ್ಬಕ್ಕೆ ಈ ಹೆಸರಿನ ರಾಕ್ಷಸ ಎಷ್ಟು ಸರಿಹೊಂದುತ್ತಾನೆ ಅಲ್ವಾ?

ಕರಗ ಹೊರುವ ಪೂಜಾರಿ ಹೆಣ್ಣಿನ ಉಡುಗೆ ಉಟ್ಟು, ಬಳೆ ತೊಟ್ಟು, ತಲೆಯ ಮೇಲೆ ಮಲ್ಲಿಗೆಯ ಗೋಪುರ ಹೊತ್ತು ಬರುತ್ತಾರೆ. ಕೈಯಲ್ಲಿ ಅದನ್ನು ಮುಟ್ಟುವಂತಿಲ್ಲ. ಸುತ್ತ ವೀರಕುಮಾರರು, ಅವರ ಕೈಯಲ್ಲಿ ಕತ್ತಿ. ಪೇಟೆ ಪೇಟೆ ದಾಟಿ, ಅರಳೇಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ, ಬೆಳಕು ಹರಿದ ಮೇಲೆ ಗುಡಿಗೆ ವಾಪಸ್. ದರ್ಗಾದ ಭೇಟಿಯನ್ನು ಯಾರೋ ಈಚೆಗೆ ಸೇರಿಸಿದ್ದಲ್ಲ, ಕರಗದ ದಾರಿಯೇ ಅದು. ಈ ಊರಿನ ಬಗ್ಗೆ ನನಗೆ ಹೆಮ್ಮೆ ಇರುವ ವಿಷಯಗಳಲ್ಲಿ ಇದು ಮೊದಲನೆಯದು.

ಎಲ್ಲಿ ನಿಲ್ಲೋದು ಅನ್ನೋದಕ್ಕೆ ನನ್ನ ಸಲಹೆ ಇಷ್ಟು. ಗುಡಿಯ ಬಾಗಿಲಿಗೆ ಹೋಗಬೇಡಿ, ಅಲ್ಲಿ ನಿಜಕ್ಕೂ ಉಸಿರಾಡಲು ಕಷ್ಟ. ರಾತ್ರಿ ಹತ್ತರ ಹೊತ್ತಿಗೆ ಬಂದು ಬೀದಿಗಳನ್ನು ಸುಮ್ನೆ ಸುತ್ತಿ. ಮನೆ ಮುಂದೆ ರಂಗೋಲಿ, ದೀಪದ ಸರ, ಪಾನಕ, ಮಜ್ಜಿಗೆ, ಕೋಸಂಬರಿ. ಆಮೇಲೆ ಕರಗ ಬರುವ ದಾರಿಯಲ್ಲಿ, ಗುಡಿಯಿಂದ ದೂರದ ಒಂದು ಬೀದಿಯಲ್ಲಿ ಜಗುಲಿಯೋ ಮೆಟ್ಟಿಲೋ ಇರುವ ಮನೆಯವರನ್ನು ಕೇಳಿ ಕೂತುಕೊಳ್ಳಿ. ಅವತ್ತು ಯಾರೂ ಇಲ್ಲ ಅನ್ನುವುದಿಲ್ಲ. ಹೊರಡುವ ಹೊತ್ತು ಹಿಂದೆ ಮುಂದೆ ಆಗುತ್ತದೆ, ಕಾಯಬೇಕು. ನಾನು ಒಂದು ವರ್ಷ ಹಾಗೆ ಕಾಯುತ್ತಾ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದೆ. ಮೊದಲು ದೂರದಲ್ಲಿ ಗೋವಿಂದಾ ಅನ್ನೋ ಕೂಗು ಕೇಳಿಸಿತು. ಆಮೇಲೆ ಜನ ಒಮ್ಮೆಗೇ ಎದ್ದು ನಿಂತರು. ಕರಗ ಕಣ್ಣ ಮುಂದೆ ಇದ್ದದ್ದು ಅರ್ಧ ನಿಮಿಷವೂ ಇಲ್ಲ, ಅದೂ ಓಡುವ ನಡಿಗೆಯಲ್ಲಿ. ಅದು ಹೋದ ಮೇಲೆ ರಸ್ತೆ ತುಂಬಾ ಮಲ್ಲಿಗೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಸೊಸೆಯೊಬ್ಬಳು ಅದನ್ನು ಆರಿಸಿ ತನ್ನ ಅತ್ತೆಯ ಮುಡಿಗೆ ಇಟ್ಟಳು.

ಮನೆಯವರನ್ನೂ ಕರೆದುಕೊಂಡೇ ಹೋಗಿ.

ಪ್ರಶ್ನೆ: ಕಾರು ಎಲ್ಲಿ ನಿಲ್ಲಿಸಬಹುದು?
— ಒಬ್ಬ ಓದುಗ, ಹೆಬ್ಬಾಳ

ತರಬೇಡಿ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಎರಡು ಕಡೆಯೂ 2017ರಿಂದ ಮೆಟ್ರೊ ಇದೆ. ರಾತ್ರಿ ಸುತ್ತುವವರು ಕೊನೆ ರೈಲಿನ ಹೊತ್ತು ನೋಡಿಕೊಂಡು ಹೊರಡಿ. ಓಣಿಯಲ್ಲಿ ಒಂದು ಕಾರು ಸಿಕ್ಕಿಕೊಂಡರೆ ಹಿಂದೆ ಹತ್ತು ಕೈಗಾಡಿ ನಿಲ್ಲುತ್ತವೆ.

ಪ್ರಶ್ನೆ: ನಾನು ನಗರ್ತಪೇಟೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಮಗನ ಜೊತೆ ಯಲಹಂಕಕ್ಕೆ ಬಂದವಳು. ಈಗ ನನಗೆ 74. ನೀವು ಪೇಟೆ ನೋಡಿ, ನೋಡಿ ಅಂತ ಬರೀತೀರಿ. ನಮ್ಮ ಮನೆ ಕೆಡವಿ ಗೋಡೌನ್ ಕಟ್ಟಿದ್ದಾರೆ. ಜಗುಲಿ ಮೇಲೆ ಕೂತು ನಾವು ಚೌಕಾಬಾರ ಆಡ್ತಿದ್ವಿ. ಅಲ್ಲಿ ಈಗ ಏನಿದೆ ಅಂತ ಜನರನ್ನು ಕಳಿಸ್ತೀರಿ?
— ಒಬ್ಬ ಹಿರಿಯ ಓದುಗರು, ಯಲಹಂಕ

ಅಮ್ಮ, ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನೀವು ಹೇಳಿದ್ದು ಸರಿ. ಮರದ ಕಂಬದ ತೊಟ್ಟಿಮನೆಗಳು ಒಂದೊಂದಾಗಿ ಹೋಗುತ್ತಿವೆ. ಕಬ್ಬನ್‌ಪೇಟೆಯ ನಮ್ಮಜ್ಜಿ ಮನೆಯೂ ಇಲ್ಲ. ಅಂಗಡಿಗೆ ಬರುವ ಬಾಡಿಗೆಯ ಮುಂದೆ ಹಳೇ ಮನೆ ರಿಪೇರಿಯ ಖರ್ಚು ಹೊರಲು ಆಗುವುದಿಲ್ಲ ಅಂತ ಮಾರಿದವರನ್ನು ನಾನು ಬೈಯಲಾರೆ. ಗೋಡೆಯ ಕಾವಿಪಟ್ಟೆಯನ್ನೂ ಬಿಡದೆ ಎಲ್ಲವನ್ನೂ ಅಳಿಸಿ ಕಟ್ಟಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಜನರನ್ನು ಕಳಿಸುತ್ತಿರೋದು ಅದಕ್ಕೇ. ಪೇಟೆ ಅಂದರೆ ಅಗ್ಗದ ಬಟ್ಟೆ, ಟ್ರಾಫಿಕ್ಕು ಅಷ್ಟೇ ಅಂದುಕೊಂಡವರು ನಿಮ್ಮ ನಗರ್ತಪೇಟೆಯ ಕಾಳಿಕಾಂಬ ಕಮಠೇಶ್ವರ ಗುಡಿಯ ಮುಂದೆ ಐದು ನಿಮಿಷ ನಿಂತು ಹೋದರೂ, ಮುಂದೆ ಯಾವುದಾದರೂ ಹಳೇ ಮನೆ ಕೆಡವುವಾಗ ಇದು ಬೇಕಾ ಅಂತ ಒಬ್ಬರಾದರೂ ಕೇಳಬಹುದು ಅನ್ನೋ ಆಸೆ.

ನಿಮಗೆ ಒಂದು ವಿಷಯ ಹೇಳಬೇಕು. ಹೋದ ತಿಂಗಳು ರಾತ್ರಿ ಹತ್ತರ ಹೊತ್ತಿಗೆ ನಗರ್ತಪೇಟೆಯ ಒಂದು ಅಡ್ಡರಸ್ತೆಯಲ್ಲಿ ಬರುತ್ತಿದ್ದೆ. ಹೊಸ ಕಟ್ಟಡ, ಶಟರ್ ಇಳಿದಿತ್ತು, ಆದರೆ ಕೆಳಗಿನ ಜಗುಲಿ ಕಲ್ಲು ಹಳೆಯದು, ಕಿತ್ತಿರಲಿಲ್ಲ. ಹಗಲು ಅದರ ಮೇಲೆ ಸೀರೆ ಬೇಲು ಇಳಿಸುತ್ತಾರೆ, ಹಾಗಾಗಿ ಯಾರಿಗೂ ಕಾಣುವುದಿಲ್ಲ. ಆ ರಾತ್ರಿ ಇಬ್ಬರು ಹಮಾಲರು ಎದುರುಬದುರು ಕೂತಿದ್ದರು. ಮಧ್ಯೆ ಕಲ್ಲಿನಲ್ಲೇ ಉಳಿಯಿಂದ ಕೊರೆದ ಚೌಕಾಬಾರದ ಮನೆಗಳು, ಐದಕ್ಕೆ ಐದು. ಗೆರೆ ಅರ್ಧ ಸವೆದಿತ್ತು. ಕಾಯಿಯನ್ನು ಹೊಡೆಯಲಾಗದ ಕಟ್ಟೆಯ ಮನೆಗೆ ಹಾಕಿದ ಅಡ್ಡಗೆರೆ ಮಾತ್ರ ಸ್ಪಷ್ಟವಾಗಿತ್ತು. ಅವರ ಹತ್ತಿರ ಕವಡೆ ಇರಲಿಲ್ಲ, ಹುಣಸೆಬೀಜವನ್ನು ಒಂದು ಕಡೆ ಉಜ್ಜಿ ಬಿಳಿ ಮಾಡಿಕೊಂಡಿದ್ದರು. ಕಾಯಿಗಳಿಗೆ ಒಬ್ಬರದ್ದು ಸೋಡಾ ಮುಚ್ಚಳ, ಇನ್ನೊಬ್ಬರದ್ದು ಬಳೆ ಚೂರು. ಇದನ್ನು ನೀವು ಕೊರೆದಿದ್ದಾ ಅಂತ ಕೇಳಿದೆ. ಇಲ್ಲ ಸಾರ್, ನಾವು ಬರೋಕೆ ಮುಂಚೆಯಿಂದ ಇದೆ ಅಂದರು.

ನಿಮ್ಮ ಮನೆ ಯಾವ ಅಡ್ಡರಸ್ತೆಯಲ್ಲಿತ್ತು, ಜಗುಲಿ ಬಾಗಿಲಿನ ಎಡಕ್ಕಿತ್ತಾ ಬಲಕ್ಕಿತ್ತಾ, ಅಷ್ಟು ಬರೆದು ಕಳಿಸಿ. ನಾನು ಹೋಗಿ ನೋಡಿಕೊಂಡು ಬರುತ್ತೇನೆ.